ಲಕ್ಕವ್ವನ ಜಳಕದ ಕಾಲುವೆ

ಮೂಡಲಗಿಯಲ್ಲಿ ಲಕ್ಕವ್ವನ ಮನೆಗೆ ಹೋದವರು ಚಹಾ ಕುಡಿಯದೆ ತಿರುಗಿ ಬಂದದ್ದುಂಟು, ಜಳಕ ಮಾಡದೆ ಬಂದದ್ದು ಮಾತ್ರ ಇಲ್ಲ. ಬಳೆಗಾರ ಬಾಗಿಲಲ್ಲಿ ಮಲಾರ ಇಳಿಸುವುದೇ ತಡ, "ಬಿಸಲಾಗ ಬಂದೀರಿ, ನಾಕು ತಂಬಿಗಿ ಮೈಮ್ಯಾಲೆ ಹಾಕ್ಕೊಂಡು ಕುಂಡರ್ರಿ" ಎನ್ನುವಳು. ಟಪಾಲಿನವನು ಒಮ್ಮೆ ಹೂಂ ಎಂದು ಪೇಚಿಗೆ ಬಿದ್ದ. ಅವನು ಒಳಗೆ ಮೈ ತೊಳೆಯುತ್ತಿದ್ದಾಗ ಓಣಿಯವರು ಕಟ್ಟೆಯ ಮೇಲಿನ ಚೀಲ ಬಿಚ್ಚಿ, ತಮ್ಮ ತಮ್ಮ ಕಾಗದ ಆರಿಸಿಕೊಂಡು ಹೋಗಿದ್ದರು. ಅಂದಿನಿಂದ ಅವನು ಲಕ್ಕವ್ವನ ಮನೆಯ ಕಾಗದವನ್ನು ಎದುರು ಮನೆಯ ಕೆಂಚವ್ವನ ಕೈಗೆ ಕೊಟ್ಟು ಸೈಕಲ್ ಏರುತ್ತಿದ್ದ.

ಅವಳಿಗೆ ಮಡಿಯ ಹುಚ್ಚು ಎಂದುಕೊಂಡವರೇ ಹೆಚ್ಚು. ಅದು ಸುಳ್ಳು. ಮಂದಿಯ ಮೈ ಸ್ವಚ್ಛವಾಗಲಿ ಬಿಡಲಿ, ಲಕ್ಕವ್ವನಿಗೆ ಬೇಕಾಗಿದ್ದದ್ದು ಆ ಮೈಯಿಂದ ಇಳಿದ ನೀರು.

ಅವಳ ಗಂಡ ಅಪ್ಪಣ್ಣ ಕಾಲುವೆ ಖಾತೆಯಲ್ಲಿ ಪಾಟಕರಿ. ಅಂದರೆ ಯಾರ ಹೊಲಕ್ಕೆ ಯಾವ ವಾರ ಎಷ್ಟು ತಾಸು ನೀರು ಎಂದು ಪಾಳಿ ಹಚ್ಚಿ, ತೂಬು ತೆಗೆದು ಮುಚ್ಚುವ ಕೆಲಸ. ಊರ ಹೊಲಗಳಿಗೆಲ್ಲ ನೀರು ಬಿಡುವವನ ಮನೆಗೆ ನೀರು ಬರುತ್ತಿದ್ದದ್ದು ಮಾತ್ರ ಹೆಂಡತಿಯ ತಲೆಯ ಮೇಲೆ, ಎರಡು ಓಣಿ ಆಚೆಗಿನ ಬಾವಿಯಿಂದ. ಇದರಲ್ಲಿ ನಗುವಂಥದ್ದೇನಿದೆಯೆಂದು ಅಪ್ಪಣ್ಣನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಒಳ್ಳೆಯ ಮನುಷ್ಯ, ಆದರೆ ಗಟ್ಟಿ ದನಿಯವನಲ್ಲ. ಅವನ ಸೈಕಲ್ ತಿರುವಿನಲ್ಲಿ ಮರೆಯಾದೊಡನೆ ಮೇಲಿನ ಹೊಲದವರು ಕಾಲುವೆಗೆ ಕಲ್ಲು ಒಡ್ಡಿ ನೀರು ತಿರುಗಿಸಿಕೊಳ್ಳುತ್ತಿದ್ದರು. ಕಡೆಯ ಹೊಲದವರು ಅಪ್ಪಣ್ಣನಿಗೆ ಶಾಪ ಹಾಕುತ್ತಿದ್ದರು.

ಲಕ್ಕವ್ವನ ಹುಚ್ಚು ಹತ್ತಿದ್ದು ಸ್ವಾತಂತ್ರ್ಯ ಬಂದ ಮರುವರ್ಷ, ಯಮಕನಮರಡಿಯ ಒಂದು ಮದುವೆಯಲ್ಲಿ. ಮದುಮಗಳ ಹಣೆಗೆ ಕಟ್ಟುವ ಹೂವಿನ ದಂಡಿ ಎಲ್ಲಿಂದಲೋ ಬರಬೇಕಾದದ್ದು ಬರಲೇ ಇಲ್ಲ. ಕೊನೆಗೆ ಬಣ್ಣದ ಕಾಗದ ಕತ್ತರಿಸಿ ಕಟ್ಟಿದರು. ಬೆವರಿಗೆ ಕಾಗದದ ಬಣ್ಣ ಇಳಿದು, ಅಕ್ಷತೆ ಬೀಳುವ ಹೊತ್ತಿಗೆ ಆ ಹುಡುಗಿಯ ಮೂಗು ಹಸಿರಾಗಿತ್ತು. ಎಲ್ಲರೂ ನಕ್ಕರು. ಲಕ್ಕವ್ವ ನಗಲಿಲ್ಲ. ತೊಡೆಯ ಮೇಲೆ ನಿದ್ದೆ ಹೋಗಿದ್ದ ಎಂಟು ವರ್ಷದ ಮಗಳು ಸಾವಿತ್ರವ್ವನ ಹಣೆ ಸವರಿ, "ನಿನ್ನ ದಂಡಿ ನಮ್ಮ ಹಿತ್ತಲ ಹೂವಿಂದ" ಎಂದು ಅಲ್ಲೇ ನಿಶ್ಚಯ ಮಾಡಿಬಿಟ್ಟಳು. ಹಿತ್ತಲಲ್ಲಿ ಆಗ ಇದ್ದದ್ದು ಗರಸು, ಒಂದು ಮುರಿದ ಹಗ್ಗದ ಹೊರಸು ಮತ್ತು ಕೆಂಚವ್ವನ ಕೋಳಿಗಳು.

ಗಿಡ ಹಚ್ಚುತ್ತೇನೆ ಎಂದಾಗ ಅಪ್ಪಣ್ಣ ಖಾತೆಯ ಮನುಷ್ಯನಂತೆ ಲೆಕ್ಕ ಹಾಕಿದ. "ಕುಡಿಯಾಕ, ಅಡಗಿಗೆ, ಜಳಕಕ್ಕ, ಎಮ್ಮಿಗೆ. ಗಿಡಕ್ಕೂ ಹೊರಾಕ ಹೋದರ ನಿನ್ನ ಕುತ್ತಗಿ ಉಳಿಯೂದಿಲ್ಲ ನೋಡು."

"ಜಳಕ ಮಾಡಿದ ಮ್ಯಾಲಿನ ನೀರು ಯಾರವು?"

"ಅವು ಗಟಾರಕ್ಕ ಹೋಗೂವು."

"ಹಂಗಾರ ಅವು ನನ್ನವು" ಎಂದಳು ಲಕ್ಕವ್ವ.

ಕೌಜಲಗಿಯ ಎರೆಮಣ್ಣಿನ ಸೀಮೆಯಲ್ಲಿ, ಮಳೆ ಬಂದರೆ ಉಂಟು ಇಲ್ಲದಿದ್ದರೆ ಇಲ್ಲ ಎನ್ನುವ ಮನೆಯಲ್ಲಿ ಬೆಳೆದವಳು ಅವಳು. ಒಡೆದ ಮಾಡಿನ ಹಂಚುಗಳನ್ನು ಊರೆಲ್ಲ ಬೇಡಿ ತಂದಳು. ಬಚ್ಚಲ ತೂತಿನಿಂದ ಹಿತ್ತಲ ಗೋಡೆಯವರೆಗೆ ಹದಿನೇಳು ಮೊಳ ಉದ್ದಕ್ಕೆ ಹಂಚುಗಳನ್ನು ಬೆನ್ನು ಕೆಳಗಾಗಿ ಮಲಗಿಸಿ ಸಂದಿಗೆ ಸುಣ್ಣ ಮೆತ್ತಿದಳು. ಇಳಿಜಾರು ನೋಡಲು ತಾಟಿನಲ್ಲಿ ನೀರು ಹಾಕಿ ಹಂಚಿನ ಮೇಲಿಟ್ಟು, ನೀರು ಯಾವ ಅಂಚಿಗೆ ಓಡುತ್ತದೆಂದು ಬಗ್ಗಿ ಬಗ್ಗಿ ನೋಡಿದಳು. ಸಾವಿತ್ರವ್ವ ಸಾಲಿಯಲ್ಲಿ ಒಡೆದುಕೊಂಡು ಬಂದ ಬರೆಯುವ ಪಾಟಿಯ ತುಂಡುಗಳು ತೂಬಿನ ಬಾಗಿಲುಗಳಾದವು. ಖಾತೆಯ ಕಾಲುವೆಗೆ ಇರುವಂತೆ ತನ್ನದಕ್ಕೂ ಮೈಲುಗಲ್ಲು ಬೇಡವೇ? ಐದು ಉರುಟು ಕಲ್ಲಿಗೆ ಸುಣ್ಣ ಬಳಿದಳು. ಅಂಕಿ ಬರೆಯಲು ಬಾರದ್ದಕ್ಕೆ ಕೆಮ್ಮಣ್ಣಿನಲ್ಲಿ ಒಂದಕ್ಕೆ ಒಂದು ಬೊಟ್ಟು, ಎರಡಕ್ಕೆ ಎರಡು ಬೊಟ್ಟು ಇಟ್ಟಳು. ಹಿತ್ತಲ ಗೋಡೆಗೆ ಸುಣ್ಣದ ಬಳ್ಳಿ, ಬಳ್ಳಿಯ ನಡುವೆ ಗಿಳಿ. ಗಿಳಿಗಳು ಕೆಂಚವ್ವನ ಕೋಳಿಯನ್ನೇ ಹೋಲುತ್ತಿದ್ದವು, ಅದನ್ನು ಲಕ್ಕವ್ವನ ಎದುರು ಆಡುವ ಧೈರ್ಯ ಯಾರಿಗೂ ಇರಲಿಲ್ಲ.

ಅಪ್ಪಣ್ಣ ಮೈಲುಗಲ್ಲು ನೋಡಿ ಸಿಟ್ಟಾದ. ಸರಕಾರಿ ಕೆಲಸವನ್ನು ಅಣಕಿಸಿದಂತಾಯಿತು ಎಂದ. ಆದರೆ ಮರುದಿನ ನಸುಕಿನಲ್ಲಿ ಅವನೇ ಕುಕ್ಕರುಗಾಲಲ್ಲಿ ಕುಳಿತು ಮೂರನೆಯ ಕಲ್ಲಿನ ಹತ್ತಿರ ನೀರು ನಿಲ್ಲುವ ಒಂದು ಹಂಚನ್ನು ಅರ್ಧ ಬೆರಳು ಎತ್ತರಿಸುತ್ತಿದ್ದುದನ್ನು ಲಕ್ಕವ್ವ ಕಂಡಳು. ಕಂಡೂ ಕಾಣದವಳಂತೆ ಒಳಗೆ ಹೋದಳು. ಗಂಡನ ಮೇಲೆ ಅವಳಿಗೆ ಪ್ರೀತಿ ಉಕ್ಕಿದ್ದು ಮದುವೆಯಲ್ಲಿ ಅಲ್ಲ, ಅಂದು.

ಬಚ್ಚಲಿಗೆ ಹತ್ತಿದ್ದು ಬಾಳೆ. ಆಮೇಲೆ ಕರಿಬೇವು, ಅಬ್ಬಲಿಗೆ, ಸೇವಂತಿಗೆ. ದುಂಡುಮಲ್ಲಿಗೆಗೆ ಬಿಸಿಲು ಬೇಕೆಂದು ಅದನ್ನು ಕಟ್ಟಕಡೆಗೆ, ಗೋಡೆಯ ಬುಡದಲ್ಲಿ ಹಚ್ಚಿ, ಮುರಿದ ಹೊರಸನ್ನೇ ನಾಲ್ಕು ಬಿದಿರಿನ ಮೇಲೆ ಏರಿಸಿ ಹಂದರ ಮಾಡಿದಳು. ಮೊದಲ ಎರಡು ವರ್ಷ ಬಾಳೆ ಕೊಬ್ಬಿತು, ಮಲ್ಲಿಗೆ ಎರಡು ಸಲ ಒಣಗಿತು. ಮೂರನೆಯ ಅಂಟು ತಂದಾಗ ಅವಳು ಪಾಳಿಯನ್ನೇ ತಿರುವು ಮುರುವು ಮಾಡಿದಳು. ನಾಲ್ಕು ಬಾಗಿಲನ್ನೂ ಮುಚ್ಚಿ ನೀರನ್ನು ಮೊದಲು ಕಡೆಯ ಗಿಡಕ್ಕೆ ಓಡಿಸುವುದು, ಅದು ಕುಡಿದ ಮೇಲೆ ಒಂದೊಂದೇ ಬಾಗಿಲು ತೆಗೆಯುತ್ತ ಹಿಂದಕ್ಕೆ ಬರುವುದು. ಮಲ್ಲಿಗೆ ಹತ್ತಿಕೊಂಡಿತು.

ಹತ್ತಿಕೊಂಡ ಗಿಡಕ್ಕೆ ಮೂವರ ಜಳಕ ಎಲ್ಲಿ ಸಾಲಬೇಕು? ಬೇಸಿಗೆಯಲ್ಲಿ ಅಪ್ಪಣ್ಣನಿಗೆ ಎರಡು ಹೊತ್ತು ಜಳಕವಾಯಿತು. ಎಲೆ ಹಳದಿಯಾಗುತ್ತದೆಂದು ಸಾಬಾನಿಗೆ ಬಂದಿಯಾಯಿತು, ಕಡಲೆಹಿಟ್ಟು ಬಂತು. ಆಮೇಲೆ ಬಂದವರು ಹೋದವರೆಲ್ಲ ಬಚ್ಚಲ ಪಾಲಾದರು.

ಇದರಿಂದ ಸಾವಿತ್ರವ್ವನ ಎರಡು ಸಂಬಂಧ ತಪ್ಪಿದವು. ಮೊದಲ ವರನಿಗೆ ನೆಗಡಿಯಾಗಿತ್ತು. ಆದರೂ ಬಿಡದೆ ನೀರು ಹಾಕಿಸಿ, ಹುಡುಗಿಯನ್ನು ಕರೆತಂದಾಗ ಅವನು ಸೀನುತ್ತಲೇ ಇದ್ದ, ಕಣ್ಣೆತ್ತಿ ನೋಡಲೇ ಇಲ್ಲ. ಎರಡನೆಯವರು, "ನಾವೇನು ಕೆಸರಾಗಿಂದ ಎದ್ದು ಬಂದೀವೇನು?" ಎಂದು ಬಂಡಿ ಹೂಡಿಸಿದರು.

ಮೂರನೆಯದು ಬಂದದ್ದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಚೈತ್ರದಲ್ಲಿ. ಬೀರನಹಟ್ಟಿಯ ಹುಡುಗ, ಹೆಸರು ಕಲ್ಲಪ್ಪ, ಕೆಂಚವ್ವನಿಗೆ ದೂರದ ನೆಂಟ. ಅವನು ಕೆಂಚವ್ವನ ಮನೆಗೆ ಬಂದಾಗ ಸಾವಿತ್ರವ್ವ ಅವನನ್ನು ಒಮ್ಮೆ ನೋಡಿದ್ದಳು, ಎರಡನೆಯ ಸಲ ನೋಡಲು ಉಪ್ಪು ಕೇಳುವ ನೆಪ ಮಾಡಿಕೊಂಡು ಹೋಗಿದ್ದಳು. ಅಪ್ಪಣ್ಣ ಹೆಂಡತಿಯಿಂದ ಕೊರಳ ಲಿಂಗ ಮುಟ್ಟಿಸಿ ಆಣೆ ಹಾಕಿಸಿದ. ಬೀಗರ ಮುಂದೆ ಜಳಕ ಎಂಬ ಶಬ್ದ ಬಾಯಿಂದ ಬೀಳಕೂಡದು. ಸಾವಿತ್ರವ್ವ ತಾಯಿಯ ಹತ್ತಿರ ಬಂದು ನೆಲ ನೋಡುತ್ತ ಹೇಳಿದಳು:

"ಯವ್ವಾ, ಈ ಸಲ ಮಲ್ಲಗಿ ಒಣಗಿದರೂ ಚಿಂತಿಲ್ಲ. ಕಾಗದದ ದಂಡಿ ಕಟ್ಟಿಕೊಂಡರೂ ನಡೀತೈತಿ."

ಲಕ್ಕವ್ವನಿಗೆ ಒಂಬತ್ತು ವರ್ಷದ ನೀರು ಒಂದು ಮಾತಿನಲ್ಲಿ ಇಂಗಿದಂತಾಯಿತು. ಮಲ್ಲಿಗೆಯ ತುಂಬ ಜೋಳದಷ್ಟು ಮೊಗ್ಗು. ಬಾವಿ ತಳ ಕಂಡು ಮೂರು ದಿನದಿಂದ ಮನೆಯಲ್ಲಿ ಜಳಕವಿಲ್ಲ, ಗಿಡಕ್ಕೆ ಹನಿ ಇಲ್ಲ, ಎಲೆ ಜೋಲು ಬಿದ್ದಿವೆ. ಇನ್ನೆರಡು ದಿನ ಹೀಗೇ ಹೋದರೆ ಮೊಗ್ಗು ಉದುರುತ್ತವೆ. ಆದರೂ ಬೀಗರಿಗೆಂದು ತುಂಬಿಸಿಟ್ಟ ಹಂಡೆಯ ನೀರನ್ನು ಅವಳು ಮುಟ್ಟಲಿಲ್ಲ.

ಬೀಗರು ಬಂದರು. ಹುಡುಗ, ಅವನ ತಂದೆ, ಕಾಕಾ, ಎಲ್ಲರ ಮುಂದೆ ತಾಯಿ ಯಮನವ್ವ. ಎತ್ತರದ ಆಳು, ಖಡಕ್ ಮಾತು. ಅಪ್ಪಣ್ಣನ ಖಾಕಿ ಟೊಪ್ಪಿಗೆ ಗೂಟಕ್ಕೆ ತೂಗಿದ್ದನ್ನು ಅಂಗಳದಿಂದಲೇ ನೋಡಿ, "ನೀವ ಏನ್ರಿ ಆ ಪಾಟಕರಿ?" ಎಂದಳು. "ಹನ್ನೆರಡು ವರ್ಷ ಆತು, ನಿಮ್ಮ ಕಾಲವಿ ನೀರು ನಮ್ಮ ಹೊಲದ ಮಾರಿ ನೋಡಿಲ್ಲ. ನಮ್ಮದು ಕಟ್ಟಕಡೀ ಹೊಲ."

ಅಪ್ಪಣ್ಣ ಬೆವರಿದ. ಟೊಪ್ಪಿಗೆಯನ್ನು ಗೂಟದಿಂದ ತೆಗೆದು ಬೆನ್ನ ಹಿಂದೆ ಹಿಡಿದ. ಸಂಬಂಧ ಅಂಗಳದಲ್ಲೇ ಮುರಿದೀತು ಎಂದು ಲಕ್ಕವ್ವ ಲಗುಬಗೆಯಿಂದ ಕಾಲಿಗೆ ನೀರು ತಂದಳು. ಗಂಡಸರು ಮೂವರೂ ಕಾಲು ತೊಳೆದರು. ಮೂರು ತಂಬಿಗೆ ನೀರು ಅಂಗಳದ ಕಲ್ಲಿನ ಮೇಲೆ ಹರಿದು, ಬೀದಿಯ ಧೂಳಿನಲ್ಲಿ ಯಾರಿಗೂ ಉಪಯೋಗವಿಲ್ಲದೆ ಇಂಗಿತು. ಲಕ್ಕವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ತಡೆದಳು. ನಾಲ್ಕನೆಯ ತಂಬಿಗೆಯನ್ನು ಯಮನವ್ವ ಎತ್ತಿದಾಗ ತಡೆಯಲು ಆಗಲಿಲ್ಲ. ಒಳಗೆ ಓಡಿ ಹಿಟ್ಟು ನಾದುವ ಪರಾತ ತಂದು ಬೀಗತಿಯ ಪಾದದ ಕೆಳಗೆ ಹಿಡಿದು ಕುಳಿತುಬಿಟ್ಟಳು. ಆಣೆ ಇದ್ದದ್ದು ಮಾತಿಗೆ, ಪರಾತಕ್ಕಲ್ಲ.

ಯಮನವ್ವ ಎರಡು ಹೆಜ್ಜೆ ಹಿಂದೆ ಹಾರಿದಳು. "ಅಯ್ಯ ಶಿವನ! ಬ್ಯಾಡ್ರೆವ್ವಾ, ನಾವೇನು ಜಂಗಮರಲ್ಲ, ನನ್ನ ಪಾದೋದಕ ತಗೋಬ್ಯಾಡ್ರಿ!" ಲಕ್ಕವ್ವ ಪರಾತ ಹಿಡಿದು ಅವಳ ಹಿಂದೆಯೇ ಸರಿದಳು. ಎದುರು ಕಟ್ಟೆಯ ಮೇಲೆ ಕೆಂಚವ್ವ ಜೋಳ ಹಸನು ಮಾಡುವುದನ್ನು ಬಿಟ್ಟು ಎದ್ದು ನಿಂತಳು. ಹೀಗೆ ಒಂದು ಸುತ್ತು ಅಂಗಳ ತಿರುಗಿ, ಕೊನೆಗೆ ಯಮನವ್ವ ಗೋಡೆಗೆ ಆತು ನಿಂತು ಕಾಲು ತೊಳೆಸಿಕೊಂಡಳು. ನೀರು ತುಳುಕದಂತೆ ಪರಾತ ಎತ್ತಿ ಲಕ್ಕವ್ವ ಒಳಗೆ ಓಡಿದಳು. ಈ ಹುಚ್ಚಿ ಅದನ್ನು ಕುಡಿದೇಬಿಟ್ಟಾಳು, ಪಾಪ ತನಗೆ ಸುತ್ತಿಕೊಂಡೀತು ಎಂದು ಯಮನವ್ವ ಹಸಿ ಕಾಲಲ್ಲೇ ಬೆನ್ನು ಹತ್ತಿದಳು. ನಡುಮನೆ, ಅಡುಗೆಮನೆ ದಾಟಿ ಹಿತ್ತಲಿಗೆ ಬಂದರೆ, ಲಕ್ಕವ್ವ ಆ ನೀರನ್ನು ಮಲ್ಲಿಗೆಯ ಬುಡಕ್ಕೆ ಹುಷಾರಾಗಿ ಸುರಿಯುತ್ತಿದ್ದಳು.

"ನನ್ನ ಕಾಲ ತೊಳದ ನೀರ ಗಿಡಕ್ಕ ಹಾಕಾಕ ಕರಿಸೀರೇನು?" ಯಮನವ್ವನ ದನಿ ಏರಿತು. ಹಿಂದೆಯೇ ಬಂದ ಅಪ್ಪಣ್ಣ ಬಾಗಿಲಲ್ಲಿ ತಲೆ ಹಿಡಿದುಕೊಂಡು ನಿಂತ. ಅಡುಗೆಮನೆಯ ಕತ್ತಲಲ್ಲಿ ಸಾವಿತ್ರವ್ವ ಅಡಗಿ ನಿಂತಿದ್ದಳು.

ಇನ್ನು ಮುಚ್ಚಿಡುವುದೇನೂ ಉಳಿದಿರಲಿಲ್ಲ. "ತಪ್ಪಾತ್ರಿ" ಎಂದಳು ಲಕ್ಕವ್ವ. "ಮಗಳ ದಂಡಿಗೆ ಬೆಳಸೀನಿ. ಮೂರು ದಿನಾ ಆತು ನೀರಿಲ್ಲ. ಕಣ್ಣ ಮುಂದ ನೀರು ಹಾಳಾಗೂದು ನೋಡಾಕ ಆಗಲಿಲ್ಲರಿ." ಹೇಳುತ್ತ ಹೇಳುತ್ತ ಅತ್ತುಬಿಟ್ಟಳು.

ಯಮನವ್ವ ಅವಳನ್ನು ನೋಡುತ್ತಿರಲಿಲ್ಲ. ಹಂಚಿನ ಸಾಲನ್ನು, ಪಾಟಿಯ ಬಾಗಿಲುಗಳನ್ನು, ಬೊಟ್ಟಿಟ್ಟ ಕಲ್ಲುಗಳನ್ನು ನೋಡುತ್ತಿದ್ದಳು. ಇಪ್ಪತ್ತೆಂಟು ವರ್ಷ ಹೊಲ ಮಾಡಿದ ಹೆಂಗಸು, ಗಿಡ ಓದಲು ಬಲ್ಲವಳು. "ಬಾಳಿ ಬಚ್ಚಲ ಬಾಯಿಗೆ ಐತಿ, ಕಡ್ಡಿ ಆಗೇತಿ. ಮಲ್ಲಗಿ ಕಟ್ಟಕಡೀಕ ಐತಿ, ಹಂದರ ತುಂಬ ಮೊಗ್ಗಿ. ಇದ್ಹೆಂಗ?"

"ಮೊದಲು ಕಡೀದಕ್ಕ ಬಿಡತೇನ್ರಿ. ಬಾಜೂಕ ಇದ್ದದ್ದು ಹೆಂಗರ ಕುಡೀತೈತಿ, ಪಾಟಿ ಸಂದ್ಯಾಗ ಸೋರಿದ್ದ ಸಾಕು ಅದಕ್ಕ. ದೂರ ಇದ್ದದ್ದನ್ನ ನಾವ ನೆನಸಬೇಕಲ್ಲರಿ."

"ಮಗಳಿಗೂ ಕಲಿಸೀರೇನು?"

"ಸಂಜೀ ಪಾಳಿ ಅಕೀದರಿ."

ಯಮನವ್ವ ಮುರಿದ ಹೊರಸಿನ ಹಂದರಕ್ಕೆ ಕೈಯಾನಿಸಿ ಒಂದು ಮೊಗ್ಗನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಆಮೇಲೆ ಮಾತಾಡಿದಾಗ ಖಡಕ್ ದನಿ ಎಲ್ಲೋ ಇಳಿದುಹೋಗಿತ್ತು. "ನಮ್ಮ ಮನ್ಯಾಗ ಹದಿನಾರು ಮಂದಿ. ಎಲ್ಲಾರ್ದೂ ಊಟ ಆಗಿ ನಾ ಕುಂಡರೂದ್ರಾಗ ಬುಟ್ಟ್ಯಾಗ ಅರ್ಧ ರೊಟ್ಟಿ ಇದ್ದರ ಇತ್ತು, ಇಲ್ಲಾಂದ್ರ ಇಲ್ಲ. ಯಮನವ್ವಂದು ಆತೇನು ಅಂತ ಇಷ್ಟು ವರ್ಷದಾಗ ಯಾರೂ ಕೇಳಿಲ್ಲ. ಹೊಲಾನೂ ಕಡೀದು, ನಾನೂ ಕಡೀದಾಕಿ." ಹೇಳಿ ನಕ್ಕಳು, ನಗುವಾಗ ಕಣ್ಣು ತುಂಬಿದ್ದವು. ಅಡುಗೆಮನೆಯ ಕಡೆ ತಿರುಗಿ, "ಏ ಹುಡುಗಿ, ಅಡಗಿ ನಿಂತಿದ್ದು ಸಾಕು, ಹೊರಗ ಬಾ. ನೀ ನಮ್ಮ ಮನಿಗೆ ಬೇಕು" ಎಂದಳು. ಗಂಡಸರನ್ನು ಯಾರೂ ಕೇಳಲಿಲ್ಲ. ಅವರು ಪಡಸಾಲೆಯಲ್ಲಿ ಬೆಲ್ಲ ತಿನ್ನುತ್ತ ಕುಳಿತಿದ್ದರು.

ಯಮನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹಂಡ್ಯಾಗ ನೀರು ಅದಾವೇನ್ರಿ? ನಾ ಜಳಕ ಮಾಡತೇನಿ."

ಲಕ್ಕವ್ವ ಗಂಡನ ಕಡೆ ನೋಡಿ, ನಾನಲ್ಲ, ಅವರೇ ಅಂದರು ಎಂಬಂತೆ ಎರಡೂ ಕೈ ಎತ್ತಿದಳು.

ಬಚ್ಚಲ ಬಾಗಿಲು ಮುಚ್ಚಿತು. ದಬದಬ ನೀರು ಬೀಳುವ ಸಪ್ಪಳ. ತೂತಿನಿಂದ ನೀರು ಹೊರಬಿದ್ದು ಹಂಚಿಗೆ ಇಳಿಯಿತು, ಮುಚ್ಚಿದ ಪಾಟಿಗಳನ್ನು ಸವರುತ್ತ ಒಂದು ಬೊಟ್ಟಿನ ಕಲ್ಲು ದಾಟಿತು, ಎರಡು ದಾಟಿತು. ಅಪ್ಪಣ್ಣ ಅದರ ಜೊತೆಗೇ ಕುಕ್ಕರುಗಾಲಲ್ಲಿ ಸರಿಯುತ್ತ ಹೋದ. ಮೂರನೆಯ ಕಲ್ಲಿನ ಹತ್ತಿರ ಎಂದೋ ತಾನೇ ಎತ್ತರಿಸಿದ ಹಂಚಿನ ಮೇಲೆ ನೀರು ತಡೆಯದೆ ಜಾರಿತು.

"ಕಡೀತನಕ ಮುಟ್ಟಿತೇನ್ರಿ ಪಾಟಕರಿ?" ಒಳಗಿನಿಂದ ಯಮನವ್ವ ಕೂಗಿದಳು.

ಹನ್ನೆರಡು ವರ್ಷದ ನೌಕರಿಯಲ್ಲಿ ಆ ಪ್ರಶ್ನೆಗೆ ಅಪ್ಪಣ್ಣ ತಲೆ ತಗ್ಗಿಸಿದ್ದೇ ಹೆಚ್ಚು. ನೀರು ಮಲ್ಲಿಗೆಯ ಬುಡ ಸೇರಿ, ಒಣ ಮಣ್ಣು ಸದ್ದು ಮಾಡಿ ಕುಡಿಯತೊಡಗಿತು. ಅವನು ಎದ್ದು ನಿಂತು, ಓಣಿಯ ತುದಿಗೂ ಕೇಳುವಂತೆ ಕೂಗಿದ:

"ಮುಟ್ಟೇತ್ರೀ! ಕಡೀತನಕ ಮುಟ್ಟೇತಿ!"

"ಹಂಗಾರ ಇನ್ನ ನಾಕು ತಂಬಿಗಿ ಹಾಕ್ಕೋತೇನಿ" ಎಂದಳು ಯಮನವ್ವ. "ದಂಡಿ ದೊಡ್ಡದಾಗಲಿ."