ನಾನು ಅಳಿಸಿದ್ದ ಮಚ್ಚೆ

ದಿಂಬಿನ ಕವರಿನ ಮೇಲೆ ಕಡಲೆಕಾಳಿನಷ್ಟು ರಕ್ತದ ಕಲೆ ಇತ್ತು. ಬೆಳಿಗ್ಗೆ ಹಾಸಿಗೆ ಸುತ್ತುವಾಗ ಕಣ್ಣಿಗೆ ಬಿತ್ತು. ಕೇಳಿದ್ದಕ್ಕೆ ಹೆಂಡತಿ ಸವಿತಾ, ಸೊಳ್ಳೆ ಕಚ್ಚಿದ ಕಡೆ ಕೆರೆದುಕೊಂಡಿರಬೇಕು ಎಂದಳು. ಮುಖ ಆಚೆ ತಿರುಗಿಸಿಕೊಂಡೇ ಹೇಳಿದಳು. ನನಗೇಕೋ ಸಮಾಧಾನವಾಗಲಿಲ್ಲ. ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದೆ. ಮೂಗಿನ ಎಡಬದಿಯಲ್ಲಿದ್ದ ಕಪ್ಪು ಮಚ್ಚೆ ನಡುವೆ ಹುಣ್ಣಾಗಿತ್ತು. ಅಂಚು ಉಬ್ಬಿ, ಒದ್ದೆಯಾದಂತೆ ಹೊಳೆಯುತ್ತಿತ್ತು.

ಮಳವಳ್ಳಿಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಇಪ್ಪತ್ತೆರಡು ವರ್ಷಗಳಿಂದ ಜನರ ಮುಖ ನೋಡುವುದೇ ನನ್ನ ಕೆಲಸ. ಹೆಂಡತಿಯ ಮುಖದಲ್ಲಿ ಹುಣ್ಣಾದದ್ದು ಮಾತ್ರ ಕಂಡಿರಲಿಲ್ಲ.

ಮರುದಿನ ಮಂಡ್ಯಕ್ಕೆ ಕರೆದುಕೊಂಡು ಹೋದೆ. ಚರ್ಮದ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಟಾರ್ಚಿನಂತಿದ್ದ ಡರ್ಮೋಸ್ಕೋಪನ್ನು ಮಚ್ಚೆಯ ಮೇಲಿಟ್ಟರು. ಅದರ ಚಿತ್ರ ಪಕ್ಕದ ಸ್ಕ್ರೀನಿನಲ್ಲಿ ಮೂಡಿತು. ಚರ್ಮದ ಹೊಳಪನ್ನು ತಡೆದು ಒಳಗಿನದನ್ನು ತೋರಿಸುವ ಬೆಳಕು ಅದು. ಕ್ಯಾಮೆರಾಕ್ಕೆ ನಾವು ಹಾಕುವ ಪೋಲರೈಸರ್ ಫಿಲ್ಟರ್ ಮಾಡುವ ಕೆಲಸವೇ, ಹಾಗಾಗಿ ನನಗೆ ಬೇಗ ಅರ್ಥವಾಯಿತು. ಬರಿಗಣ್ಣಿಗೆ ಬರೀ ಕಪ್ಪಾಗಿ ಕಂಡಿದ್ದರಲ್ಲಿ ಬೂದುನೀಲಿ ಉಂಡೆಗಳಿದ್ದವು, ಅಂಚಿನಲ್ಲಿ ಕಂದು ಎಲೆಗಳಂಥ ಆಕಾರಗಳು, ಅವುಗಳ ನಡುವೆ ಕೂದಲಿಗಿಂತ ಸಣ್ಣ ಕೆಂಪು ರಕ್ತನಾಳಗಳು ಕವಲೊಡೆದು ಹರಡಿದ್ದವು.

ಡಾಕ್ಟರು ಬಯಾಪ್ಸಿಗೆ ಚೂರು ತೆಗೆದುಕೊಂಡರು. ಮಚ್ಚೆ ಎಷ್ಟು ವರ್ಷದ್ದು, ಯಾವ ವೇಗದಲ್ಲಿ ಬೆಳೆದಿದೆ ಎಂದು ಕೇಳಿದರು. ನಾವಿಬ್ಬರೂ ಬೇರೆ ಬೇರೆ ಉತ್ತರ ಕೊಟ್ಟೆವು. ನಾನು ಫೋಟೊಗ್ರಾಫರ್ ಎಂದು ತಿಳಿದ ಮೇಲೆ ಅವರ ಮುಖ ಅರಳಿತು. "ಹಾಗಾದ್ರೆ ಸುಲಭವಾಯ್ತು. ಹಳೇ ಫೋಟೊಗಳನ್ನ ತನ್ನಿ."

ಸಂಜೆ ಸ್ಟುಡಿಯೊದಲ್ಲಿ ಕೂತು ಹಾರ್ಡ್ ಡಿಸ್ಕ್ ತೆರೆದೆ. ನಮ್ಮ ಮನೆಯ ಗೃಹಪ್ರವೇಶ, ಭಾಮೈದನ ಮದುವೆ, ಮಗಳು ಎಸ್ಸೆಸ್ಸೆಲ್ಸಿ ಪಾಸಾದ ದಿನ. ಸವಿತಾಳ ಮುಖ ಎಲ್ಲದರಲ್ಲೂ ನುಣ್ಣಗೆ ಹೊಳೆಯುತ್ತಿತ್ತು.

ಒಂದರಲ್ಲೂ ಮಚ್ಚೆ ಇರಲಿಲ್ಲ.

ನಾನೇ ಅಳಿಸಿದ್ದೆ. ಮದುಮಗಳ ಮೊಡವೆ, ಮದುಮಗನ ಗಾಯದ ಗುರುತು, ಅಜ್ಜಿಯರ ಕಣ್ಣಿನ ಕೆಳಗಿನ ಕಪ್ಪು, ಎಲ್ಲವನ್ನೂ ಅಳಿಸಿ ಅಳಿಸಿ ಕೈಗೆ ಅದು ಚಾಳಿಯಾಗಿತ್ತು. ನನ್ನ ಹೆಂಡತಿಯ ಮುಖ ಬಂದಾಗಲೂ ಕೈ ನಿಂತಿರಲಿಲ್ಲ. ಜಾಗ ಉಳಿಸಲೆಂದು ಮೂಲ ಫೈಲುಗಳನ್ನೂ ತೆಗೆದುಹಾಕಿದ್ದೆ.

ಮನೆಗೆ ಹೋಗಿ ಹೇಳಿದೆ. ಅವಳು ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು, ರೇಷ್ಮೆ ಹುಳುಗಳು ನಾಲ್ಕನೇ ಸಲ ಪೊರೆ ಬಿಟ್ಟು ಜ್ವರದಿಂದ ಎದ್ದಿದ್ದವು. ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ನಂಗೊತ್ತಿತ್ತು ಕಣ್ರೀ," ಎಂದಳು. "ಗೃಹಪ್ರವೇಶದ ಆಲ್ಬಮ್‌ನಲ್ಲೇ ನೋಡಿದ್ದೆ. ನನ್ ಮಕ ನಂಗೆ ಗೊತ್ತಾಗಾಕಿಲ್ವಾ? ನಿಮ್ಗೆ ಅದು ಇಷ್ಟ ಇಲ್ಲ ಅನ್ಕಂಡೆ. ಅದ್ಕೇ ಪೌಡ್ರು ಬಳ್ಕೊಂತಿದ್ದೆ. ರಕ್ತ ಬರಾಕೆ ಸುರುವಾದ್ಮೇಲೂ ಯೋಳ್ನಿಲ್ಲ."

ಎಷ್ಟು ದಿನದಿಂದ ರಕ್ತ ಬರುತ್ತಿದೆ ಎಂದು ಕೇಳಿದೆ.

ಎಂಟು ತಿಂಗಳು.

ಸಮಾಧಾನ ಹೇಳಬೇಕಾದವನು ನಾನು, ಹೇಳಿದವಳು ಅವಳು.

ಕೊನೆಗೆ ನೆರವಾದದ್ದು ಕಿರುಗಾವಲಿನಲ್ಲಿರುವ ಅವಳ ತಂಗಿಯ ಫೋನು. ಯಾರೂ ತಿದ್ದದ, ಕೈ ನಡುಗಿದ, ಬೆಳಕು ಸರಿಯಿಲ್ಲದ ಫೋಟೊಗಳು. ಆರು ವರ್ಷದ ಹಿಂದೆ ತಂಗಿಯ ಮಗುವಿನ ನಾಮಕರಣದಲ್ಲಿ ಸಾಸಿವೆ ಕಾಳಿನಷ್ಟಿದ್ದ ಚುಕ್ಕೆ ಮೂರು ವರ್ಷದ ಹಿಂದಿನ ಒಂದು ಊಟದ ಪಂಕ್ತಿಯಲ್ಲಿ ಹೆಸರುಕಾಳಿನಷ್ಟಾಗಿತ್ತು. ಡಾಕ್ಟರು ಅವನ್ನು ಸಾಲಾಗಿ ಇಟ್ಟು ನೋಡಿದರು. ನಿಧಾನಕ್ಕೆ ಬೆಳೆದಿದೆ, ಇತ್ತೀಚೆಗೆ ಚುರುಕಾಗಿದೆ ಎಂದರು. ಆ ವೇಳೆಗೆ ಬಯಾಪ್ಸಿ ರಿಪೋರ್ಟೂ ಬಂದಿತ್ತು. ಬೇಸಲ್ ಸೆಲ್ ಕಾರ್ಸಿನೋಮ.

ಚರ್ಮದ ಕ್ಯಾನ್ಸರ್.

ಇದು ಮೈಯೆಲ್ಲ ಹರಡುವುದು ತೀರಾ ಅಪರೂಪ, ಆದರೆ ಬಿಟ್ಟರೆ ಮೂಗನ್ನೇ ತಿನ್ನುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಆಳ ಅಳೆಯಲು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಚರ್ಮಕ್ಕೆಂದೇ ಇರುವ ಸಣ್ಣ ಅಲ್ಟ್ರಾಸೌಂಡ್ ಪ್ರೋಬನ್ನು ಮೂಗಿನ ಮೇಲೆ ಆಡಿಸಿದರು. ಸ್ಕ್ರೀನಿನಲ್ಲಿ ಕಪ್ಪುಬಿಳುಪಿನ ಪದರಗಳು ಕಂಡವು, ಅವುಗಳ ನಡುವೆ ಒಂದು ಕಪ್ಪು ಗುಳಿ. ಅದರ ತಳಕ್ಕೆ ಗೆರೆ ಎಳೆದು ಅಳತೆ ತೆಗೆದರು. ಎರಡು ಮಿಲಿಮೀಟರಿಗೂ ಸ್ವಲ್ಪ ಕಡಿಮೆ. ಮೃದು ಎಲುಬಿನವರೆಗೆ ಹೋಗಿರಲಿಲ್ಲ. ಅಷ್ಟು ಸಣ್ಣ ಅಳತೆಯ ಮೇಲೆ ಒಂದು ಮನೆಯ ಜೀವ ನಿಂತಿರುತ್ತದೆ ಎಂದು ನಾನು ಯೋಚಿಸಿರಲಿಲ್ಲ.

ಆಪರೇಷನ್ ಆಯಿತು. ಮಚ್ಚೆ ತೆಗೆದ ಜಾಗವನ್ನು ಕೆನ್ನೆಯ ಚರ್ಮ ಸರಿಸಿ ಮುಚ್ಚಿದರು. ಅಂಚುಗಳಲ್ಲಿ ಕಾಯಿಲೆ ಉಳಿದಿಲ್ಲ ಎಂದು ವಾರದ ನಂತರ ರಿಪೋರ್ಟ್ ಬಂತು. ಹೊಲಿಗೆ ಬಿಚ್ಚಿದ ದಿನ ಅವಳು ಕನ್ನಡಿ ಕೇಳಿದಳು. ಕೊಟ್ಟೆ. ತುಂಬಾ ಹೊತ್ತು ನೋಡಿಕೊಂಡಳು.

"ಒಸಿ ಸೊಟ್ಟಗದೆ," ಎಂದಳು. "ಉಸ್ರಾಡಾಕಾಯ್ತದಲ್ಲ, ಬುಡಿ."

ಅವತ್ತು ರಾತ್ರಿ ಮಾತ್ರ ಅವಳು ಊಟ ಮಾಡಲಿಲ್ಲ.

ಈಗ ಒಂದು ವರ್ಷ ತುಂಬಿದೆ. ಬೇರೆ ಕಡೆಯೂ ಇಂಥದ್ದು ಏಳಬಹುದಂತೆ. ಹಾಗಾಗಿ ಮೂರು ತಿಂಗಳಿಗೊಮ್ಮೆ ಅದೇ ಬೆಳಕು, ಅದೇ ದೂರದಲ್ಲಿ, ಪಕ್ಕದಲ್ಲಿ ಪುಟ್ಟ ಸ್ಕೇಲಿಟ್ಟು ಅವಳ ಮುಖ, ಕತ್ತು, ಬೆನ್ನಿನ ಫೋಟೊ ತೆಗೆದು ಡಾಕ್ಟರಿಗೆ ತೋರಿಸುತ್ತೇನೆ. ಕಾಯಿಲೆ ಪೂರ್ತಿ ಹೋಯಿತೆಂದು ನಾವಿಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ. ಬಿಸಿಲು ತಾಗಬಾರದೆಂದು ಡಾಕ್ಟರು ಹೇಳಿದ್ದರಿಂದ ಅವಳು ತೋಟಕ್ಕೆ ಬಿಸಿಲೇರುವ ಮುಂಚೆ ಹೋಗಿ ಬರುತ್ತಾಳೆ.

ಹೋದ ವಾರ ಮಧ್ಯಾಹ್ನ ಪಾಸ್‌ಪೋರ್ಟ್ ಫೋಟೊಗೆ ಬಂದವರು ನಾಲ್ಕು ಜನ ಕೂತಿದ್ದರು. ಸವಿತಾ ಮನೆಯಿಂದ ನಡೆದುಕೊಂಡೇ ಸ್ಟುಡಿಯೊಗೆ ಬಂದಳು. ಹಾಗೆ ಬರುವವಳಲ್ಲ.

"ಕಿವಿ ಇಂದುಗಡೆ ಏನೋ ಕೈಗೆ ಸಿಕ್ತಾ ಅದೆ. ಒಸಿ ನೋಡಿ."

ಕೂತವರಿಗೆ ಐದು ನಿಮಿಷ ಎಂದು ಹೇಳಿ ಒಳಗೆ ಕರೆದುಕೊಂಡು ಹೋದೆ. ದೀಪ ಹಾಕಿ ಕೂದಲು ಸರಿಸಿ ನೋಡಿದೆ. ಸೆಕೆಗೆ ಎದ್ದ ಸಣ್ಣ ಗುಳ್ಳೆ. ಆದರೂ ಫೋಟೊ ತೆಗೆದು ಡಾಕ್ಟರಿಗೆ ಕಳಿಸಿದೆ, ಅವರೂ ಅದನ್ನೇ ಹೇಳಿದರು. ಎರಡು ದಿನಕ್ಕೆ ಒಣಗಿತು. ಅದು ಬರೀ ಗುಳ್ಳೆ ಎಂಬುದಕ್ಕಿಂತ, ಆ ಬಿಸಿಲಲ್ಲಿ ಅವಳಾಗಿಯೇ ಬಂದು ನನಗೆ ತೋರಿಸಿದಳಲ್ಲ, ಅದಕ್ಕೆ ನಾನು ಯಾರಿಗೆ ಕೈ ಮುಗಿಯಲಿ ಎಂದು ತಿಳಿಯದೆ ಅವತ್ತು ಅವಳು ಹೋದ ಮೇಲೂ ದೀಪ ಆರಿಸದೆ ನಿಂತಿದ್ದೆ.