ಶಾಂತಕ್ಕನ ಕರಿಬೇವು ಮತ್ತು ಮಜ್ಜನದ ನೀರು

ಅಕ್ಟೋಬರ್ ಬಂತೆಂದರೆ ನಾನು ಎದ್ದ ಕೂಡಲೇ ಫೋನು ನೋಡುವುದಿಲ್ಲ, ಅಡುಗೆಮನೆಯ ಕಿಟಕಿಯಿಂದ ಹಿತ್ತಿಲ ಹುಲ್ಲು ನೋಡುತ್ತೇನೆ. ಹಸಿರಾಗಿದ್ದರೆ ಚಹಾಕ್ಕೆ ನೀರಿಡುತ್ತೇನೆ. ಬೆಳ್ಳಗಿದ್ದರೆ, ತಡವಾಗಿದೆಯೆಂದು ಗೊತ್ತಿದ್ದೂ, ಬರಿಗಾಲಲ್ಲಿ ಕುಂಡಗಳ ಕಡೆ ಓಡುತ್ತೇನೆ.

ಇಂಗ್ಲೆಂಡಿನ ಲಫ್‌ಬರೋಗೆ ಬಂದ ಮೊದಲ ವರ್ಷ ಓಡಬೇಕೆಂದೇ ತಿಳಿದಿರಲಿಲ್ಲ. ಸಂಜೆ ಎರಡು ಮೊಗ್ಗು ಬಿಟ್ಟು ನಿಂತಿದ್ದ ದಾಸವಾಳ ಬೆಳಿಗ್ಗೆ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿತ್ತು. ಮುಟ್ಟಿದೆ. ಎಲೆ ಬೆರಳಿಗೆ ಅಂಟಿಕೊಂಡು ಬಂತು. ಅಂದಿನಿಂದ ನನಗೊಂದು ಕುತೂಹಲ: ಅದನ್ನು ಕೊಂದದ್ದರ ಹೆಸರೇನು? ನಮ್ಮ ‘ಮಂಜು’ ಬಲು ಉದಾರ ಪದ. ಬೆಳಗಿನ ಕಾವಳವೂ ಅದೇ, ಹುಲ್ಲಿನ ಹನಿಯೂ ಅದೇ, ಹಿಮಾಲಯದ ಮೇಲಿರುವುದೂ ಅದೇ, ಧಾರವಾಡದ ನಮ್ಮ ಓಣಿಯ ಮೂವರು ಹುಡುಗಿಯರೂ ಅದೇ. ಆದರೆ ಹುಲ್ಲಿಗೆ ಉಪ್ಪು ಸವರಿದಂತೆ ಕಂಡು, ಎಲೆಯೊಳಗಿನ ನೀರನ್ನೇ ಗಾಜಾಗಿಸಿ ಸೀಳುವ ಇದಕ್ಕೆ ನಮ್ಮ ಮನೆಮಾತಿನಲ್ಲಿ ಬೇರೆ ಹೆಸರಿಲ್ಲ. ಹೆಸರಿಲ್ಲದ ಅಪರಾಧಿಯ ಮೇಲೆ ದೂರು ಕೊಡುವುದು ಕಷ್ಟ. ಹಾಗಾಗಿ ಥರ್ಮಾಮೀಟರು ತಂದೆ, ಒಂದು ನೋಟುಬುಕ್ಕು ಇಟ್ಟೆ.

ಆ ನೋಟುಬುಕ್ಕಿನ ಕೀರ್ತಿ ಹಬ್ಬಿ, ಹೋದ ವರ್ಷ ಶಾಂತಕ್ಕ ತಮ್ಮ ಕರಿಬೇವನ್ನು ನಮ್ಮ ಮನೆಗೇ ತಂದರು. ಅವರು ವಿಜಯಪುರದವರು, ಇಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ಆಗಿದ್ದು ನಿವೃತ್ತರಾದವರು. ಊರಿಗೆ, ತಂಗಿಯ ಮನೆಗೆ ಹೊರಟಿದ್ದರು, ಯುಗಾದಿ ಮುಗಿಸಿಕೊಂಡೇ ಬರುವುದು. ಬೀಜ ಹಾಕಿ ಹನ್ನೊಂದು ವರ್ಷ ಸಾಕಿದ ಗಿಡ ಅದು.

“ನನ್ನ ಪೇಷಂಟನ್ನ ಬ್ಯಾರೆಯವರ ಕೈಯಾಗ ಸುಮ್ಮನ ಕೊಟ್ಟಾಕಿ ಅಲ್ಲರೀ ನಾ,” ಎಂದು ಕುಂಡವನ್ನು ನನ್ನ ತೋಳಿಗಿಟ್ಟು, ನನ್ನ ಹೆಂಡತಿಯ ಕಡೆ ತಿರುಗಿದರು. “ಗೌರೀ, ಮಜ್ಜನದ ನೀರು ದಿನಾ ಇದಕ್ಕ ಹಾಕವಾ. ಒಂದಿನಾನೂ ತಪ್ಪಿಸಬ್ಯಾಡ.”

ಪೂಜೆಯಲ್ಲಿ ಲಿಂಗವನ್ನು ಮೀಯಿಸಿದ ನೀರನ್ನು ಯಾರೂ ತುಳಿಯಬಾರದು. ಅದಕ್ಕೇ ನಮ್ಮ ಕಡೆ ಅದು ಗಿಡದ ಬುಡ ಸೇರುತ್ತದೆ.

ಗಿಡವನ್ನು ಹಿಂದಿನ ಕೋಣೆಯ ಕಿಟಕಿಯಲ್ಲಿಟ್ಟೆ. ಕುಂಡಕ್ಕೆ ನನ್ನ ಹಳೆಯ ಸ್ವೆಟರು ತೊಡಿಸಿದೆ, ಗಾಳಿ ನುಸುಳುವಲ್ಲಿ ಟವೆಲು ತುರುಕಿದೆ, ದಿನಕ್ಕೆರಡು ಸಲ ಉಷ್ಣಾಂಶ ಬರೆದೆ. ನವೆಂಬರಿನಲ್ಲಿ ಎಲೆ ಹಳದಿಯಾಯಿತು. ಡಿಸೆಂಬರಿನಲ್ಲಿ ಐದು ಕಡ್ಡಿ ಉಳಿದವು. ಎರಡನೆಯ ಸ್ವೆಟರು ತೊಡಿಸಿದೆ. ವಿಜಯಪುರದಿಂದ ಪ್ರತಿ ಭಾನುವಾರ ಸಂದೇಶ ಬರುತ್ತಿತ್ತು: “ಹೆಂಗೈತ್ರೀ?” ನಾನು “ಮಲಗೇತ್ರಿ” ಎಂದು ಬರೆಯುತ್ತಿದ್ದೆ.

ಪಕ್ಕದ ಮನೆಯ ಜೋನ್ ಅಜ್ಜಿ ಒಮ್ಮೆ ಬಂದವರು ಮಣ್ಣಿಗೆ ಬೆರಳು ಚುಚ್ಚಿ ನೋಡಿದರು. ಈ ಊರಿನ ಹಳಬರು ಎದುರಿಗಿರುವ ಯಾರನ್ನೇ ಆದರೂ ಪ್ರೀತಿಯಿಂದ ಕರೆಯುವುದು ‘ಡಕ್’, ಬಾತುಕೋಳಿ ಎಂದೇ.

“ಇಟ್ಸ್ ನಾಟ್ ಕೋಲ್ಡ್, ಮಿ ಡಕ್. ಯು ಆರ್ ಡ್ರೌನಿಂಗ್ ಇಟ್.”

ಬಾತುಕೋಳಿ ಎನಿಸಿಕೊಂಡವನೇ ಗಿಡವನ್ನು ನೀರಿನಲ್ಲಿ ಮುಳುಗಿಸಿದ್ದ. ಶಾಂತಕ್ಕನ ಬೆಚ್ಚನೆಯ ಗಾಜಿನ ಕೋಣೆಯಲ್ಲಿ ಅದು ಚಳಿಗಾಲವಿಡೀ ಎಚ್ಚರವಿರುತ್ತಿತ್ತು, ಕುಡಿಯುತ್ತಿತ್ತು. ನಮ್ಮಲ್ಲಿ ನಿಜವಾಗಿಯೇ ಮಲಗಿತ್ತು. ಮಲಗಿದವರ ಬಾಯಿಗೆ ನಾವು ದಿನಾ ಒಂದು ಲೋಟ ಸುರಿಯುತ್ತಿದ್ದೆವು. ನೋಟುಬುಕ್ಕಿನಲ್ಲಿ ಎಲ್ಲವೂ ಇತ್ತು, ನೀರು ಮಾತ್ರ ಇರಲಿಲ್ಲ. ಪೂಜೆಯನ್ನು ಯಾರು ಅಳೆದು ಬರೆಯುತ್ತಾರೆ?

“ಹಂಗಾದ್ರ ಎಲ್ಲಿ ಹಾಕ್ಲಿ? ಸಿಂಕಿನ್ಯಾಗ?” ಎಂದಳು ಗೌರಿ.

“ಛೇ, ಬ್ಯಾಡ.”

“ಗಿಡಕ್ಕೂ ಬ್ಯಾಡ, ಸಿಂಕಿಗೂ ಬ್ಯಾಡ. ನಿಮ್ಮ ತಲೀಮ್ಯಾಲೆ ಹಾಕ್ಲ್ಯಾ?”

ಹಿತ್ತಿಲ ಬಾಗಿಲ ಪಕ್ಕ ಹಳೆಯ ಮಾಲೀಕರು ನೆಟ್ಟು ಹೋದ ರೋಸ್‌ಮರಿ ಪೊದೆಯಿತ್ತು. ಹುಲ್ಲು ಬೆಳ್ಳಗಾದ ದಿನವೂ ಏನೂ ಆಗದವರಂತೆ ನಿಲ್ಲುವ ಜಾತಿ. ಮರುದಿನದಿಂದ ಗೌರಿ ನೈಟಿಯ ಮೇಲೆ ಕೋಟು ಹಾಕಿಕೊಂಡು, ವಿಭೂತಿ ಬೆರೆತ ನೀರನ್ನು ಅದರ ಬುಡಕ್ಕೆ ಹಾಕಿ ಬರತೊಡಗಿದಳು. ನಾನು ಕರಿಬೇವಿನ ಎರಡೂ ಸ್ವೆಟರು ಬಿಚ್ಚಿದೆ, ಮಣ್ಣು ಒಣಗಲು ಬಿಟ್ಟೆ, ಏನೂ ಮಾಡದೆ ಕೂತೆ. ಇಡೀ ಚಳಿಗಾಲದಲ್ಲಿ ನನಗೆ ಅತ್ಯಂತ ಕಷ್ಟವಾದ ಕೆಲಸ ಅದು.

ಮಾರ್ಚ್ ಕೊನೆಗೆ ಒಂದು ಕಡ್ಡಿಯ ಗಂಟಿನಲ್ಲಿ ಜೀರಿಗೆಯಷ್ಟು ಹಸಿರು ಕಂಡಿತು. ಗೌರಿಯನ್ನು ಕರೆದು, ಹತ್ತಿರ ಬಂದು ಜೋರಾಗಿ ಉಸಿರಾಡಬೇಡ ಎಂದೆ.

ಏಪ್ರಿಲ್‌ನಲ್ಲಿ ಶಾಂತಕ್ಕ ಬರುವಷ್ಟರಲ್ಲಿ ಮೂರು ಎಸಳು ಚಿಗುರಿದ್ದವು. ಅವರು ನಾಡಿ ಹಿಡಿಯುವಂತೆ ಕಾಂಡವನ್ನು ಹಿಡಿದು ನೋಡಿದರು.

“ಮಜ್ಜನದ ನೀರು ತಪ್ಪಿಸಿಲ್ಲ, ಹೌದಲ್ಲವಾ?”

“ಒಂದಿನಾನೂ ತಪ್ಪಿಸಿಲ್ಲಕ್ಕಾ,” ಎಂದಳು ಗೌರಿ.

“ನೋಡ್ರಿ ಮತ್ತ! ನಿಮ್ಮ ನೋಟುಬುಕ್ಕಿನಿಂದಲ್ಲ, ಅದರಿಂದನ ಉಳದೈತಿ.”

ಎಲ್ಲವನ್ನೂ ಕರಾರುವಾಕ್ಕಾಗಿ ಹೇಳುವ ಚಟದವನು ನಾನು. ಆದರೂ ನೋಟುಬುಕ್ಕು ಮುಚ್ಚಿ ಪಕ್ಕಕ್ಕಿಟ್ಟೆ. ಗೌರಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಶಾಂತಕ್ಕನ ಬೆನ್ನ ಹಿಂದಿನ ಕಿಟಕಿಯಾಚೆ ರೋಸ್‌ಮರಿ ಮೈತುಂಬ ನೀಲಿ ಹೂ ಬಿಟ್ಟು ನಿಂತಿತ್ತು. ಆ ಚಳಿಗಾಲಕ್ಕೆ ಪೂರ್ತಿ ಸಾಕ್ಷಿ ಅದೊಂದೇ. ಪುಣ್ಯಕ್ಕೆ, ಅದಕ್ಕೆ ಕನ್ನಡ ಬರುವುದಿಲ್ಲ.