ಮಳೆ ಬರುವ ತನಕ ಸಹಿ ಹಾಕದ ಹೇಮಾಕ್ಷಿ

ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಆ ಅಪಾರ್ಟ್‌ಮೆಂಟಿನಲ್ಲಿ ಹೇಮಾಕ್ಷಿಯನ್ನು ಎಲ್ಲರೂ ಬ್ಯಾಂಕ್ ಮೇಡಂ ಎಂದೇ ಕರೆಯುತ್ತಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದವನು ಗಂಡ ಧನಂಜಯ. ಮೊದಮೊದಲು ಅವಳು ತಿದ್ದಿ ನೋಡಿದಳು. “ಬ್ಯಾಂಕು ಅವರದು, ನಂದು ಹುಲ್ಲು” ಎನ್ನುತ್ತಿದ್ದಳು ತನ್ನ ಅರೆಬರೆ ತೆಲುಗಿನಲ್ಲಿ. ಕೇಳಿದವರು ಹೂಂ ಎಂದು ನಕ್ಕು ಲಿಫ್ಟ್ ಹತ್ತುತ್ತಿದ್ದರು.

ಹುಲ್ಲು ಅವಳದೇ ಆಗಿತ್ತು. ಅವಳ ಅಪ್ಪ ದೊಡ್ಡಯ್ಯ ಅಜ್ಜಂಪುರದ ಕಡೆಯ ಒಂದು ಕಾವಲಿನಲ್ಲಿ ಸರ್ಕಾರಿ ದನಗಳನ್ನು ಮೇಯಿಸುವ ನೌಕರ. ಕಣ್ಣು ಹಾಯಿಸಿದಷ್ಟು ದೂರ ಒಣಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ ಮರ. ಆ ಹುಲ್ಲಿನಲ್ಲೇ ಅವಳು ಓಡಲು ಕಲಿತದ್ದು, ಹಾವು ಕಂಡರೆ ನಿಲ್ಲಲು ಕಲಿತದ್ದು. ಅವಳು ಎಂಎಸ್ಸಿ ಓದುತ್ತಿದ್ದಾಗ ಯಾರೋ ಜೀಪಿನಲ್ಲಿ ಬಂದು, ಒಂದು ಸುತ್ತು ಹಾಕಿ, ‘ಇಲ್ಲಿ ಏನೂ ಇಲ್ಲ’ ಎಂದು ಬರೆದುಕೊಂಡು ಹೋದರು. ಆಮೇಲೆ ಕಾವಲಿನ ಅರ್ಧಕ್ಕೆ ಬೇಲಿ ಬಿತ್ತು. ಬೇಲಿ ಬಿದ್ದ ದಿನ ಅಪ್ಪ ಉಣ್ಣಲಿಲ್ಲ, ಮಾತೂ ಆಡಲಿಲ್ಲ. ಅಪ್ಪ ಆಡದೆ ಉಳಿಸಿದ ಮಾತನ್ನೆಲ್ಲ ಮಗಳು ಮುಂದೆ ಆಡಿದಳು ಎಂದು ಧನಂಜಯ ಈಗಲೂ ಹೇಳುತ್ತಾನೆ.

ಗಂಡನಿಗೆ ವರ್ಗವಾದಾಗ ಕಡೂರಿನ ಕಾಲೇಜಿನ ಅತಿಥಿ ಉಪನ್ಯಾಸಕಿ ಕೆಲಸ ಬಿಟ್ಟು ಬಂದಳು. ಒಂದಷ್ಟು ಕಾಲ ಸುಮ್ಮನೆ ಕೂತಳು. ಆಮೇಲೆ ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ಕಚೇರಿಯಿದ್ದ ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ ಗುತ್ತಿಗೆ ಕೆಲಸ ಸಿಕ್ಕಿತು. ರಸ್ತೆ, ಸೇತುವೆ, ಗೋದಾಮು ಕಟ್ಟುವ ಮೊದಲು ಆ ಜಾಗದಲ್ಲಿ ಯಾವ ಪ್ರಾಣಿ, ಯಾವ ಹಕ್ಕಿ ಇದೆ ಎಂದು ನೋಡಿ ವರದಿ ಕೊಡಬೇಕು. ಮಾಲೀಕ ದುರ್ಗಾಪ್ರಸಾದ್ ಮೃದುಮಾತಿನ ಮನುಷ್ಯ. ಅವಳನ್ನು ‘ಅಮ್ಮಾ’ ಎಂದೇ ಕರೆಯುತ್ತಿದ್ದರು, ಸಂಬಳ ತಡಮಾಡುತ್ತಿರಲಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ಅವರು ಕೊಟ್ಟ ಕೆಲಸ ವಿಜಯವಾಡದ ಪಶ್ಚಿಮಕ್ಕೆ, ಗುಡ್ಡಗಳ ಬುಡದ ಒಂದು ರಸ್ತೆಯದು. ರಸ್ತೆ ಅಗಲವಾಗಬೇಕಿತ್ತು. ಎಡಕ್ಕೆ ಹುಲ್ಲುಗಾವಲು; ಕಡತದಲ್ಲಿ ಅದರ ಹೆಸರು ಬೀಳು ಭೂಮಿ. ಆ ಭಾಗದಲ್ಲಿ ನಕ್ಷತ್ರ ಆಮೆ ಇರಬಹುದೆಂಬ ಸಂಶಯವಿತ್ತು. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಸಿಡಿದಿರುವ, ನೆಲದ ಮೇಲೆಯೇ ಬದುಕುವ ಆಮೆ ಅದು. ಕಳ್ಳಸಾಗಣೆಯವರ ಗೋಣಿಚೀಲ ಸೇರಿ ಸೇರಿ ಅಪಾಯದ ಅಂಚಿಗೆ ಬಂದಿದೆ. ಅದಿದ್ದರೆ ಕೆಲಸ ಹಾಗೆಯೇ ಶುರುಮಾಡುವಂತಿಲ್ಲ.

ಬೆಳಗಾಗುವ ಹೊತ್ತಿಗೆ ಹೇಮಾಕ್ಷಿ ಸ್ಕೂಟರಿನಲ್ಲಿ ಅಲ್ಲಿರುತ್ತಿದ್ದಳು. ಹುಲ್ಲಿನಲ್ಲಿ ಗೆರೆ ಎಳೆದಂತೆ ನೇರವಾಗಿ ನಡೆಯುವುದು, ಮತ್ತೆ ಪಕ್ಕದ ಗೆರೆಯಲ್ಲಿ ವಾಪಸ್ಸು. ಒಂದೊಂದು ಕಾರೆ ಪೊದೆಯನ್ನೂ ಕೋಲಿನಿಂದ ಎತ್ತಿ, ಬಗ್ಗಿ ಇಣುಕುವುದು. ವಿಜಯವಾಡದ ಮೇ ಬಿಸಿಲು ಹಂಚಿನ ಮೇಲೆ ರೊಟ್ಟಿ ಬೇಯಿಸಿದ ಹಾಗೆ ಬೇಯಿಸುತ್ತಿತ್ತು. ಸಿಕ್ಕಿದ್ದು ಬಿಸಿಲಿಗೆ ಬಿಳುಚಿದ ಒಂದು ಒಡೆದ ಚಿಪ್ಪು, ಅಷ್ಟೆ.

ರಸ್ತೆಯ ಬಲಕ್ಕೆ ಸೂರ್ಯಕಾಂತಮ್ಮನ ಟೀ ಅಂಗಡಿ. ತಾಳೆಗರಿಯ ಚಪ್ಪರ, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಬಿಸಿಲೇರಿದ ಮೇಲೆ ಹೇಮಾಕ್ಷಿ ಅಲ್ಲಿ ಕೂತು ನೀರು ಕುಡಿಯುತ್ತಿದ್ದಳು.

“ತಾಬೇಲು ಹುಡುಕೋಕೆ ಸಂಬಳ ಕೊಡ್ತಾರಾ?” ಎಂದು ಸೂರ್ಯಕಾಂತಮ್ಮ ಕೇಳಿದಳು. ತಾಬೇಲು ಎಂದರೆ ತೆಲುಗಿನಲ್ಲಿ ಆಮೆ. “ರಸ್ತೆ ಅಗಲ ಆದ್ರೆ ಲಾರಿ ನಿಲ್ತವೆ, ನನಗೆ ವ್ಯಾಪಾರ. ನಿನ್ನ ತಾಬೇಲು ಸಿಗದೇ ಇರಲಿ ಅಂತ ದುರ್ಗಮ್ಮನಿಗೆ ಕೈ ಮುಗಿದಿದೀನಿ, ತಿಳ್ಕೊ.”

“ಮುಗೀರಿ. ಒಂದು ಟೀ ಕೊಟ್ಟು ಮುಗೀರಿ” ಎಂದಳು ಹೇಮಾಕ್ಷಿ.

ದುರ್ಗಾಪ್ರಸಾದ್ ವರದಿಗೆ ಅವಸರ ಮಾಡಿದರು. ಫೋನಿನಲ್ಲಿ ಮಾತು ಬಗೆಹರಿಯಲಿಲ್ಲ. ಅವಳು ರೈಲು ಹತ್ತಿ ವಿಶಾಖಪಟ್ಟಣಕ್ಕೆ ಹೋದಳು. ಅನಕಾಪಲ್ಲಿಯಲ್ಲಿ ರೈಲು ನಿಂತಾಗ ಕಿಟಕಿಯಿಂದ ಬೆಲ್ಲದ ವಾಸನೆ ಬಂತು. ಯಾವತ್ತೂ ಇಳಿದು ಒಂದು ಅಚ್ಚು ಕೊಳ್ಳುತ್ತಿದ್ದವಳು ಅಂದು ಸೀಟಿನಿಂದ ಏಳಲಿಲ್ಲ. ಆಡಬೇಕಾದ ಮಾತನ್ನು ತೆಲುಗಿನಲ್ಲಿ ಜೋಡಿಸುತ್ತ ಕೂತಿದ್ದಳು.

ದುರ್ಗಾಪ್ರಸಾದ್ ಕಾಫಿ ತರಿಸಿದರು. ಸಿದ್ಧವಾಗಿದ್ದ ವರದಿಯನ್ನು ಅವಳ ಕಡೆ ಸರಿಸಿದರು. “ಇಷ್ಟು ದಿನ ನಡೆದಿರಿ, ಒಂದೂ ಸಿಗಲಿಲ್ಲ. ಸತ್ತ ಚಿಪ್ಪು ಲೆಕ್ಕಕ್ಕೆ ಬರಲ್ಲ. ‘ಈ ಜಾಗದಲ್ಲಿ ಆಮೆ ಇಲ್ಲ’ ಅಂತ ಒಂದು ಸಹಿ ಹಾಕಿ, ಅಮ್ಮಾ.”

“ಸರ್, ‘ಕಾಣಲಿಲ್ಲ’ ಅಂತ ಬರೀರಿ, ಈಗಲೇ ಹಾಕ್ತೀನಿ. ‘ಇಲ್ಲ’ ಅಂತ ಬರೆದರೆ ಹಾಕಲ್ಲ.”

“ಎರಡೂ ಒಂದೇ ಅಲ್ವಾ?”

“ಅಲ್ಲ. ಬೇಸಗೇಲಿ ಅದು ಪೊದೆ ಬುಡದಲ್ಲಿ ಮಣ್ಣಿಗಂಟಿ ಮಲಗಿರತ್ತೆ. ಬಿಸಿಲಲ್ಲಿ ಹೊರಗೆ ಬರೋಕೆ ಅದಕ್ಕೇನು ಹುಚ್ಚಾ? ಮಳೆ ಬಿದ್ದ ಮೇಲೆ ಮೇಯೋಕೆ ಏಳತ್ತೆ. ಮೇ ತಿಂಗಳಲ್ಲಿ ಸರ್ವೆ ಇಟ್ಟವರಿಗೂ ಅದು ಗೊತ್ತಿತ್ತು ಅಂತ ನನಗೆ ಅನುಮಾನ.”

ದುರ್ಗಾಪ್ರಸಾದ್ ಮುಖ ಕೆಂಪಾಯಿತು. ಆದರೂ ದನಿ ಏರಿಸಲಿಲ್ಲ. “ನೀವು ಹಾಕದಿದ್ದರೆ ಬೇರೆಯವರು ಹಾಕ್ತಾರೆ. ಇಂಥ ಕೆಲಸ ನಿಮಗೆ ಮತ್ತೆ ಸಿಗೋದು ಕಷ್ಟ.”

“ಹಾಕೋರು ಹಾಕಲಿ ಸರ್. ಮಳೆ ಬಿದ್ದ ಬೆಳಿಗ್ಗೆ ನಾನು ಆ ಹುಲ್ಲಲ್ಲಿ ಇರ್ತೀನಿ. ಸಹಿ ಹಾಕಿದೋರನ್ನೂ ಕರ್ಕೊಂಡು ಬನ್ನಿ” ಎಂದು ಎದ್ದಳು. ಕಾಫಿ ಅಲ್ಲೇ ಆರಿತು.

ಮನೆಗೆ ಬಂದು ಹೇಳಿದಾಗ ಧನಂಜಯ ತಲೆಯ ಮೇಲೆ ಕೈ ಹೊತ್ತ. “ಬೇರೆ ಊರು, ಬೇರೆ ಭಾಷೆ. ಕಂಟ್ರಾಕ್ಟರುಗಳ ಸಹವಾಸ. ನಮಗ್ಯಾಕೆ ಕಣೆ ಇದೆಲ್ಲ?”

“ಪರವೂರಿಗೆ ಬರುವಾಗ ಬಾಯಿ ಊರಲ್ಲಿ ಬಿಟ್ಟು ಬಂದಿಲ್ಲ ಕಣ್ರೀ ನಾನು.”

ಅವಳು ಸುಮ್ಮನೆ ಕೂರಲಿಲ್ಲ. ಆ ಪ್ರದೇಶದ ಅರಣ್ಯ ರೇಂಜರ್ ಸೀತಾಮಹಾಲಕ್ಷ್ಮಿಯನ್ನು ಹುಡುಕಿಕೊಂಡು ಹೋದಳು. ಆಕೆ ಚಿಪ್ಪನ್ನು ತಿರುಗಿಸಿ ನೋಡಿ ಮೇಜಿನ ಮೇಲಿಟ್ಟರು. “ಇದನ್ನ ಹಿಡ್ಕೊಂಡು ನಾನು ಯಾವ ಕೆಲಸಾನೂ ನಿಲ್ಲಿಸೋಕಾಗಲ್ಲ. ಜೀವ ಇರೋದನ್ನ ತೋರಿಸಿ. ಆಗ ಕಾನೂನು ನನ್ನ ಕೈಲಿರತ್ತೆ.”

ಜೂನ್ ಬಂದರೂ ಮಳೆ ಬರಲಿಲ್ಲ. ಜೆಸಿಬಿ ಮಾತ್ರ ಬಂತು. ಬೇರೊಬ್ಬರ ಸಹಿಯೊಂದಿಗೆ ‘ಆಮೆ ಇಲ್ಲ’ ಎಂಬ ವರದಿ ಮೇಲಿನವರೆಗೂ ಹೋಗಿಯಾಗಿತ್ತು. ಹುಲ್ಲಿನ ಮೇಲೆ ಸುಣ್ಣದ ಗೆರೆ ಬಿತ್ತು, ಒಂದು ತುದಿಯಿಂದ ನೆಲ ಕೆರೆಯುವುದು ಶುರುವಾಯಿತು. ಹೇಮಾಕ್ಷಿ ದಿನವೂ ಹೋಗಿ ರಸ್ತೆ ಬದಿ ನಿಂತು ನೋಡುತ್ತಿದ್ದಳು. ಮೋಡ ಬರುತ್ತಿತ್ತು, ಕೃಷ್ಣೆಯ ಆಚೆಗೆ ಹೋಗಿಬಿಡುತ್ತಿತ್ತು. ಮನೆಯಲ್ಲಿ ಅವಳು ಸಿಡಿಮಿಡಿಯಾದಳು. ಸಾರಿಗೆ ಉಪ್ಪು ಹಾಕಲು ಮರೆತಳು. ಧನಂಜಯ ತಾನೇ ಉಪ್ಪು ಬೆರೆಸಿಕೊಂಡು ಉಂಡ.

ಒಂದು ದಿನ ಬೆಳಕು ಹರಿಯುವ ಮೊದಲೇ ಫೋನ್ ಬಂತು. ಸೂರ್ಯಕಾಂತಮ್ಮ.

“ಅಮ್ಮಾ, ಇಲ್ಲಿ ಜೋರು ಮಳೆ ಹೊಡೆದು ನಿಂತಿದೆ. ಬರೋದಾದ್ರೆ ಬೇಗ ಬಾ.”

“ನಿಮಗೆ ರಸ್ತೆ ಬೇಕಿತ್ತಲ್ಲ?”

“ಬೇಕು. ಆದ್ರೆ ನಿನ್ನೆ ಆ ಸೂಪರ್‌ವೈಸರ್ ನನ್ನ ಕುರ್ಚೀನ ಕಾಲಲ್ಲಿ ಒದ್ದು ದಾರಿ ಮಾಡ್ಕೊಂಡ. ಬಾಯಿದ್ದ ನನಗೇ ಹೀಗಾದ್ರೆ ಆ ಮೂಕಪ್ರಾಣಿ ಗತಿ ಏನು? ಬಾ ನೀನು.”

ಸ್ಕೂಟರ್ ಕೀಲಿ ಹುಡುಕುತ್ತಿದ್ದಾಗ ಧನಂಜಯ ಪ್ಯಾಂಟು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದ. “ರಸ್ತೆ ಎಲ್ಲ ಜಾರತ್ತೆ. ನಾನು ಓಡಿಸ್ತೀನಿ. ಬ್ಯಾಂಕಿಗೆ ತಡ ಆದ್ರೆ ಆಗಲಿ.”

ತಲುಪಿದಾಗ ಹುಲ್ಲಿನಿಂದ ಆವಿ ಏಳುತ್ತಿತ್ತು. ಹೇಮಾಕ್ಷಿ ಚಪ್ಪಲಿ ಕಳಚಿ ಒಳಗೆ ನಡೆದಳು. ಸ್ವಲ್ಪ ದೂರ ಹೋದಳೋ ಇಲ್ಲವೋ, ಎದುರಿಗೇ ಒಂದು ಆಮೆ ಕತ್ತು ಚಾಚಿ ಹಸಿ ಗರಿಕೆಯನ್ನು ಎಳೆದು ಎಳೆದು ತಿನ್ನುತ್ತಿತ್ತು. ಚಿಪ್ಪಿನ ಮೇಲೆ ನೀರಿನ ಹನಿ. ಒಣಹುಲ್ಲಿನ ಬಣ್ಣಕ್ಕೂ ಹಳದಿ ಗೆರೆಗಳಿಗೂ ಎಷ್ಟು ಹೊಂದಿಕೆಯೆಂದರೆ, ಅದು ಬಾಯಾಡಿಸದಿದ್ದರೆ ಕಾಣುತ್ತಲೇ ಇರಲಿಲ್ಲ. ಆಚೆ ಇನ್ನೊಂದು. ಪೊದೆಯಂಚಿನಲ್ಲಿ ಒಂದು ಜೋಡಿ. ಒಂದಂತೂ ಸುಣ್ಣದ ಗೆರೆಯನ್ನು ದಾಟಿ, ತನ್ನ ಪಾಡಿಗೆ ತಾನು ರಸ್ತೆಯ ಕಡೆಗೇ ಬರುತ್ತಿತ್ತು.

“ರೀ” ಎಂದು ಅವಳು ಕೂಗಿದಳು. ಧನಂಜಯ ಓಡಿಬಂದು ಫೋಟೋ ತೆಗೆಯತೊಡಗಿದ. ಅವಳು ರೇಂಜರಿಗೆ ಫೋನ್ ಮಾಡಿದಳು.

ಅಷ್ಟರಲ್ಲಿ ಜೆಸಿಬಿ ಗುಡುಗಿತು. ಸೂಪರ್‌ವೈಸರ್ ಕುಮಟಾ ಕಡೆಯವನು, ಮಹಾಬಲೇಶ್ವರ. ಗಂಡಹೆಂಡತಿ ಕನ್ನಡದಲ್ಲಿ ಮಾತಾಡುವುದು ಕೇಳಿ ನಗುತ್ತ ಬಂದ.

“ಅರೆ, ನಮ್ಮ ಕಡೆಯವರೇ! ಮೇಡಂ, ಪರವೂರಲ್ಲಿ ಕನ್ನಡದವರು ಒಬ್ಬರಿಗೊಬ್ಬರು ಆಗದಿದ್ರೆ ಹ್ಯಾಗೆ? ಒಂದು ಬುಟ್ಟಿ ಕೊಡ್ತೇನೆ. ಎಲ್ಲ ಹೆಕ್ಕಿ ಗುಡ್ಡದಾಚೆ ಬಿಟ್ಟುಬಿಡುವಾ. ನಿಮ್ಮ ಆಮೆಯೂ ಉಳೀತು, ನಮ್ಮ ಕೆಲಸವೂ ಆಯ್ತು.”

“ಅಪ್ಪಣೆ ಇಲ್ಲದೆ ಮುಟ್ಟಿದರೆ ಕೇಸು, ನಿಮಗೂ ನನಗೂ. ಗುಡ್ಡದಾಚೆ ಬಿಟ್ರೆ ತನ್ನ ಜಾಗ ಹುಡುಕ್ಕೊಂಡು ಇದೇ ರಸ್ತೆಗೆ ಬಂದು ಲಾರಿ ಕೆಳಗೆ ಸಾಯತ್ತೆ.”

“ಹಾಗಾದ್ರೆ ಸರೀರಿ. ನನಗೆ ಮೇಲಿನವರ ಆರ್ಡರ್ ಉಂಟು.”

ಹೇಮಾಕ್ಷಿ ಸರಿಯಲಿಲ್ಲ. ಟೀ ಅಂಗಡಿಗೆ ಹೋಗಿ ಒಂದು ಕುರ್ಚಿ ಎತ್ತಿಕೊಂಡು ಬಂದು, ಜೆಸಿಬಿಯ ಬಕೆಟ್ಟಿನ ಎದುರಿಗೇ ಹಾಕಿ ಕೂತಳು. ಸೆರಗು ಹೊದ್ದುಕೊಂಡಳು. ಡ್ರೈವರ್ ಎಂಜಿನ್ ಅಬ್ಬರಿಸಿ ನೋಡಿದ. ಬಕೆಟ್ಟಿನಿಂದ ಕೆಸರು ಉದುರಿ ಅವಳ ಮಡಿಲಿಗೆ ಬಿತ್ತು.

“ನಾನು ಕನ್ನಡದವಳು ಅಂತ ಬಿಡಬೇಡಿ” ಎಂದಳು ಮಹಾಬಲೇಶ್ವರನಿಗೆ. “ಧೈರ್ಯ ಇದ್ರೆ ಓಡಿಸಿ.”

ಸೂರ್ಯಕಾಂತಮ್ಮ ಇನ್ನೊಂದು ಕುರ್ಚಿ ತಂದು ಪಕ್ಕದಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡಳು. ಧನಂಜಯ, ಇಸ್ತ್ರಿ ಮಾಡಿದ ಬ್ಯಾಂಕಿನ ಅಂಗಿಯಲ್ಲಿ, ಏನು ಮಾಡಬೇಕೆಂದು ತಿಳಿಯದೆ ಇಬ್ಬರ ಹಿಂದೆ ನಿಂತ. ಡ್ರೈವರ್ ಎಂಜಿನ್ ಆರಿಸಿದ.

ರೇಂಜರ್ ಬಂದರು. ತಾವೇ ಹುಲ್ಲಿನಲ್ಲಿ ಸುತ್ತಾಡಿ ನೋಡಿದರು. ಆಗಲೇ ಕೆರೆದಿದ್ದ ತುದಿಯಲ್ಲಿ, ಕೆಂಪುಮಣ್ಣಿನಲ್ಲಿ, ಜಜ್ಜಿಹೋದ ಎರಡು ಚಿಪ್ಪು ಸಿಕ್ಕವು. ಅವು ಹಳೆಯವಲ್ಲ. ಅವನ್ನು ಕಂಡಾಗ ಮಾತ್ರ ಹೇಮಾಕ್ಷಿ ಕುಕ್ಕರಿಸಿ ಕೂತು ಅತ್ತಳು. ಕೆಲಸ ಅಂದೇ ನಿಂತಿತು. ಸಹಿ ಹಾಕಿದವರಿಗೂ ಹಾಕಿಸಿದವರಿಗೂ ನೋಟಿಸ್ ಹೋಯಿತು.

ರಸ್ತೆ ಆಗದೆ ಉಳಿಯಲಿಲ್ಲ. ಹುಲ್ಲುಗಾವಲಿನ ಉದ್ದಕ್ಕೂ ಅಗಲೀಕರಣವನ್ನು ಬಲಕ್ಕೆ ತಳ್ಳಿದರು. ಹುಲ್ಲಿನಂಚಿಗೆ ಮೊಣಕಾಲೆತ್ತರದ ಗೋಡೆ, ನಡುನಡುವೆ ಆಮೆ ದಾಟಲು ಅಗಲ ಮೋರಿ. ಹೇಮಾಕ್ಷಿ ಗೆದ್ದಳು ಎಂದು ಅಪಾರ್ಟ್‌ಮೆಂಟಿನವರು ಸಿಹಿ ಹಂಚಿದರು. ಆದರೆ ಬಲಕ್ಕೆ ಇದ್ದದ್ದು ಸೂರ್ಯಕಾಂತಮ್ಮನ ಅಂಗಡಿ.

“ನಿನ್ನ ತಾಬೇಲಿಗೆ ಜಾಗ ಸಿಕ್ತು. ನನ್ನ ಒಲೆ ಎಲ್ಲಿಡಲಿ?” ಎಂದು ಅವಳು ಕೇಳಿದಳು. ಮರುದಿನದಿಂದ ಇಬ್ಬರೂ ಸೇರಿ ರಸ್ತೆ ಇಲಾಖೆಯ ಕಚೇರಿಗೆ ಅಲೆಯತೊಡಗಿದರು. ನಾಳೆ ಬನ್ನಿ ಎಂದರೆ ನಾಳೆಯೂ ಹೋದರು, ಸಾಹೇಬರಿಲ್ಲ ಎಂದರೆ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿ ಕೂತರು. “ಆಮೆಗೆ ಮೋರಿ ಕಟ್ಟೋಕೆ ದುಡ್ಡಿದೆ, ಈ ಹೆಂಗಸಿಗೆ ನಾಲ್ಕು ಕಂಬ ನೆಡೋಕೆ ಜಾಗ ಇಲ್ವಾ?” ಎಂದು ಹೇಮಾಕ್ಷಿ ಇಂಜಿನಿಯರನ ಮುಖಕ್ಕೇ ಕೇಳಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಬಸ್ ನಿಲ್ಲುವ ಕಡೆ ಜಾಗ ಸಿಕ್ಕಿತು. ಮೊದಲಿಗಿಂತ ಚಿಕ್ಕದು. ಸೂರ್ಯಕಾಂತಮ್ಮ ಇವತ್ತಿಗೂ ಅದನ್ನು ಹೇಳಿ ಬಯ್ಯುತ್ತಾಳೆ, ಬಯ್ಯುತ್ತಲೇ ಟೀ ಸೋಸುತ್ತಾಳೆ.

ಯಾವ ಕನ್ಸಲ್ಟೆನ್ಸಿಯೂ ಹೇಮಾಕ್ಷಿಗೆ ಆಮೇಲೆ ಕೆಲಸ ಕೊಡಲಿಲ್ಲ. ಅವಳು ಅಪಾರ್ಟ್‌ಮೆಂಟಿನ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟಳು. ಮಳೆ ಬಿದ್ದ ಬೆಳಿಗ್ಗೆಗಳಲ್ಲಿ ಮಾತ್ರ ಪಾಠವಿಲ್ಲ. ಆ ಬೆಳಿಗ್ಗೆ ಅವಳು ಮೋರಿಗಳ ಹತ್ತಿರ ಬಗ್ಗಿ, ಕೆಸರಿನಲ್ಲಿ ಆಮೆಯ ಹೆಜ್ಜೆ ಹುಡುಕುತ್ತಿರುತ್ತಾಳೆ.

ಈ ವರ್ಷ ಧನಂಜಯನಿಗೆ ಚಿತ್ರದುರ್ಗಕ್ಕೆ ವರ್ಗವಾಯಿತು. ಕುಣಿದಾಡುತ್ತ ಮನೆಗೆ ಬಂದ. ಅವಳು ಸಾಮಾನು ಕಟ್ಟಲು ನೆರವಾದಳು, ಗಂಡನದಷ್ಟೇ.

“ನೀವು ಹೋಗಿ ಮನೆ ನೋಡಿ. ಮೋರಿ ಕಟ್ಟಿದಾರೆ ನಿಜ, ಆಮೆ ಅದರಲ್ಲಿ ದಾಟಿದ್ದು ನನಗಿನ್ನೂ ಕಂಡಿಲ್ಲ. ಈ ಮಳೆಗಾಲ ಮುಗಿಸಿ ಬರ್ತೀನಿ.”

“ಒಬ್ಬಳೇ?”

“ಹೂಂ. ಒಬ್ಬಳೇ.”

ಧನಂಜಯ ಕಟ್ಟಿದ್ದ ಪೆಟ್ಟಿಗೆಯೊಂದನ್ನು ಬಿಚ್ಚಿ, ತನ್ನ ಮಳೆಕೋಟನ್ನು ತೆಗೆದು ಅವಳಿಗಾಗಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ.